ಪೈಲಟ್ ಹತ್ತದಿದ್ರೆ ರೀಸೆಟ್ ಒತ್ತುತ್ತಾ ಕೂರಬೇಡಿ: ಬರ್ನರ್ ಪ್ರಶ್ನೋತ್ತರ

ಹೋದ ಸಲ ಕಾಫಿ ಡ್ರೈಯರ್ ಬಗ್ಗೆ ಬರೆದಿದ್ದೇ ಬರೆದಿದ್ದು, ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಡ್ರೈಯರ್ ಬಗ್ಗೆ ಅಲ್ಲವೇ ಅಲ್ಲ, ಅದರ ಬರ್ನರ್ ಒಳಗೆ ಕೂತಿರೋ ಗೇಣುದ್ದದ ಪೈಲಟ್ ಬಗ್ಗೆ, ಅಂದ್ರೆ ಮೊದ್ಲು ತಾನು ಹತ್ತಿ ಆಮೇಲೆ ಮೇನ್ ಜ್ವಾಲೇನ ಹಚ್ಚೋ ಸಣ್ಣ ಬರ್ನರ್. ಅರೇಬಿಕಾ ಕುಯ್ಲು ಶುರುವಾಗೋ ಹೊತ್ತು ಬೇರೆ, ಮಳೆಗಾಲ ಪೂರ್ತಿ ಟಾರ್ಪಾಲ್ ಹೊದ್ದು ಮಲಗಿದ್ದ ಮಷಿನ್‌ಗಳನ್ನೆಲ್ಲ ಏಳಿಸೋ ಕಾಲ. ಹಂಗಾಗಿ ಈ ಸಂಚಿಕೆ ಪೂರ್ತಿ ಪೈಲಟ್‌ಗೇ ಬಿಟ್ಟಿದೀನಿ. ಒಂದೇ ಥರದ ಪ್ರಶ್ನೆಗಳನ್ನ ಒಟ್ಟು ಸೇರಿಸಿದೀನಿ, ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ಸಾರ್, ನಮ್ದು ಮೂಡಿಗೆರೆ ಹತ್ರ ಎಸ್ಟೇಟು, ಪಾರ್ಚ್‌ಮೆಂಟ್ (ಒಳಸಿಪ್ಪೆ ಇರೋ ಕಾಫಿ ಬೀಜ) ಒಣಗಿಸೋಕೆ ಎಲ್‌ಪಿಜಿ ಬರ್ನರ್ ಇರೋ ಡ್ರೈಯರ್ ಇದೆ. ಈ ವರ್ಷ ಆನ್ ಮಾಡಿದ್ರೆ ಸ್ಪಾರ್ಕ್ ಚಿಟಚಿಟ ಅಂತ ಕೇಳ್ಸುತ್ತೆ, ಪೈಲಟ್ ಮಾತ್ರ ಹತ್ತಲ್ಲ, ಲಾಕ್‌ಔಟ್ ಆಗುತ್ತೆ, ಅಂದ್ರೆ ಕಂಟ್ರೋಲರ್ ಗ್ಯಾಸ್ ಬಂದ್ ಮಾಡಿ ನಿಂತುಬಿಡುತ್ತೆ. ಮೂರು ನಾಕು ಸಲ ರೀಸೆಟ್ ಒತ್ತಿದ್ರೆ ಒಮ್ಮೊಮ್ಮೆ ಹತ್ತುತ್ತೆ, ಆಗ ಧಡ್ ಅಂತ ಸದ್ದು ಬರುತ್ತೆ. ಎಲೆಕ್ಟ್ರಿಷಿಯನ್ ಸ್ಪಾರ್ಕ್‌ಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಹಾಕ್ಸಿ ಅಂತಾನೆ. ಹಾಕ್ಸೋದಾ?

ಉತ್ತರ: ಟ್ರಾನ್ಸ್‌ಫಾರ್ಮರ್ ವಿಷಯ ಆಮೇಲೆ, ಮೊದ್ಲು ಆ ಧಡ್ ಅನ್ನೋ ಸದ್ದಿನ ವಿಷಯ ಮಾತಾಡೋಣ. ಪೈಲಟ್ ಹತ್ತದೆ ಇದ್ದಾಗಲೂ ವಾಲ್ವ್ ತೆರೆದಿರೋ ಆ ಮೂರೋ ಐದೋ ಸೆಕೆಂಡ್ ಗ್ಯಾಸ್ ಒಳಗೆ ಹೋಗೇ ಹೋಗುತ್ತೆ, ಅದು ಎಲ್ಲೂ ಮಾಯ ಆಗಲ್ಲ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ಚೇಂಬರ್ ತಳದಲ್ಲಿ ಹೋಗಿ ಕೂರುತ್ತೆ, ಗಾಳೀಲಿ ಬರೀ ಶೇಕಡಾ 2ರಷ್ಟು ಸೇರಿದ್ರೆ ಸಾಕು ಹತ್ತಿಕೊಳ್ಳೋಕೆ ತಯಾರು. ನೀವು ನಾಕನೇ ಸಲ ರೀಸೆಟ್ ಒತ್ತಿದಾಗ ಹತ್ತೋದು ಪೈಲಟ್ ಒಂದೇ ಅಲ್ಲ, ಹಿಂದಿನ ಮೂರು ಸಲದ ಗ್ಯಾಸೂ ಹತ್ತುತ್ತೆ. ಅದೇ ಆ ಸದ್ದು. ಇವತ್ತು ಸದ್ದು ಬಂತು, ನಾಳೆ ಡ್ರೈಯರ್ ಬಾಗಿಲು ಬರುತ್ತೆ.

ನಿಮ್ಮ ಕಂಟ್ರೋಲರ್ ಪ್ರತಿ ಸಲವೂ ಸ್ಪಾರ್ಕ್‌ಗೆ ಮುಂಚೆ ಬ್ಲೋವರ್ ಓಡಿಸಿ ಒಳಗಿನ ಗಾಳಿ ಹೊರಗೆ ತಳ್ಳಬೇಕು, ಇದಕ್ಕೇ ಪರ್ಜ್ ಅನ್ನೋದು. ಅಮೆರಿಕದ ಎನ್‌ಎಫ್‌ಪಿಎ 86 ಅನ್ನೋ ಒವನ್-ಫರ್ನೇಸ್ ಸ್ಟ್ಯಾಂಡರ್ಡ್ ಪ್ರಕಾರ ಚೇಂಬರ್‌ನ ಒಟ್ಟು ಗಾತ್ರದ ನಾಕು ಪಟ್ಟು ತಾಜಾ ಗಾಳಿ ಹಾಯಬೇಕು, ಆಮೇಲೇ ಕಿಡಿ. ಸಮಯ ಉಳಿಸೋಕೆ ಯಾರೋ ಫಿಟ್ಟರ್ ಪರ್ಜ್ ಟೈಮರ್ ಕಮ್ಮಿ ಮಾಡಿದಾನಾ ಅಂತ ಮೊದ್ಲು ನೋಡಿ. ಇದು ಸರಿಯಾಗೋವರೆಗೂ ಎರಡನೇ ಸಲದ ಮೇಲೆ ರೀಸೆಟ್ ಮುಟ್ಟಬೇಡಿ.

ಈಗ ಹತ್ತದೆ ಇರೋದಕ್ಕೆ ಬರೋಣ. ಸ್ಪಾರ್ಕ್ ಕೇಳ್ಸುತ್ತೆ ಅಂದ್ರಿ, ಕಾಣುತ್ತೆ ಅನ್ನಲಿಲ್ಲ. ಎರಡಕ್ಕೂ ತುಂಬ ವ್ಯತ್ಯಾಸ ಇದೆ. ಮಲೆನಾಡಿನ ಮಳೆಗಾಲ ದಾಟಿ ಬಂದ, ಕಿಡಿ ಹಾರಿಸೋ ಎಲೆಕ್ಟ್ರೋಡ್ ಮೇಲೆ ಏನಿರುತ್ತೆ ಅಂತ ಬಿಚ್ಚಿ ನೋಡಿದೋರಿಗೆ ಗೊತ್ತು: ಬಿಳಿ ಪಿಂಗಾಣಿ ಮೇಲೆ ಕಾಫಿ ಸಿಪ್ಪೆಯ ಧೂಳು, ಅದರ ಮೇಲೆ ತೇವ, ಒಣಗಿದ ಮೇಲೆ ಕಂದು ಬಣ್ಣದ ಪದರ. ಐದು ಸಾವಿರ ವೋಲ್ಟ್‌ಗೆ ತುದಿವರೆಗೆ ಹೋಗಿ ಗಾಳೀಲಿ ಹಾರೋದಕ್ಕಿಂತ ಈ ಕೊಳೆ ದಾರಿ ಹಿಡಿದು ಬುಡದಲ್ಲೇ ಬರ್ನರ್‌ನ ಲೋಹದ ಮೈಗೆ ಇಳಿದುಬಿಡೋದು ಸುಲಭ. ಸದ್ದು ಅದೇ ಚಿಟಚಿಟ, ಆದ್ರೆ ಗ್ಯಾಸ್ ಇರೋ ಜಾಗದಲ್ಲಿ ಕಿಡಿ ಇಲ್ಲ. ಮೇನ್ ಗ್ಯಾಸ್ ಕಾಕ್ ಬಂದ್ ಮಾಡಿ, ಪೈಲಟ್‌ನ ಹೊರಗೆ ತೆಗೆದು ಅದರ ಬಾಡಿನ ಅರ್ಥ್‌ಗೆ ಗಟ್ಟಿಯಾಗಿ ಕಟ್ಟಿ, ಅಕ್ಕಪಕ್ಕ ಗ್ಯಾಸ್ ವಾಸನೆ ಇಲ್ಲ ಅಂತ ಖಾತ್ರಿ ಮಾಡ್ಕೊಂಡು, ಕೈ ದೂರ ಇಟ್ಟು, ಲೈಟ್ ಆರಿಸಿ ಸ್ಪಾರ್ಕ್ ಕೊಡಿ. ಕತ್ತಲಲ್ಲಿ ಕಿಡಿ ಎಲ್ಲಿ ಹಾರ್ತಿದೆ ಅಂತ ಕಣ್ಣಿಗೇ ಕಾಣುತ್ತೆ. ಪಿಂಗಾಣಿ ಮೇಲೆ ಪೆನ್ಸಿಲ್‌ನಲ್ಲಿ ಗೀಚಿದಂಗೆ ಸಣ್ಣ ಕಪ್ಪು ಗೆರೆ ಇದ್ರೆ ಅದು ಬಿರುಕು ಅಥವಾ ಸುಟ್ಟ ದಾರಿ, ಒರೆಸಿದ್ರೆ ಹೋಗಲ್ಲ, ಎಲೆಕ್ಟ್ರೋಡ್ ಬದಲಾಯಿಸಿ. ಗೆರೆ ಇಲ್ಲ ಬರೀ ಕೊಳೆ ಅಂದ್ರೆ ಒಣ ಬಟ್ಟೇಲಿ ಒರೆಸಿ ಬಿಸಿಲಲ್ಲಿ ಇಟ್ಟು ಹಾಕಿ, ಸಾಕು. ಎಚ್‌ಟಿ ಕೇಬಲ್ (ಸ್ಪಾರ್ಕ್‌ನ ಹೈ ವೋಲ್ಟೇಜ್ ವೈರ್) ತಗಡಿಗೆ ತಾಗಿಕೊಂಡು ಹೋಗಿದ್ರೆ ಅದನ್ನೂ ಬಿಡಿಸಿ.

ಸ್ಪಾರ್ಕ್ ತುದೀಲೇ ಇದೆ, ಆದ್ರೂ ಹತ್ತಲ್ಲ ಅಂದ್ರೆ ಗ್ಯಾಸ್ ಕಡೆ ಹೋಗಿ. ಪೈಲಟ್ ಜೆಟ್‌ನ (ಗ್ಯಾಸ್ ಹೊರಡೋ ಮೂತಿ) ತೂತು ಒಂದು ಮಿ.ಮೀ.ಗಿಂತ ಕಮ್ಮಿ ಇರೋದೇ ಹೆಚ್ಚು, ಗಾಳಿ ಎಳೆಯೋ ಕಿಂಡಿ ಅದಕ್ಕಿಂತ ದೊಡ್ಡದು, ಆರು ತಿಂಗಳು ಬಿಟ್ರೆ ಜೇಡ ಬಲೆ ಕಟ್ಟುತ್ತೆ, ಕಣಜ ಮಣ್ಣು ಮೆತ್ತುತ್ತೆ. ಜೆಟ್‌ಗೆ ತಂತಿ ಚುಚ್ಚಬೇಡಿ, ತೂತು ಅಗಲ ಆದ್ರೆ ಆಮೇಲೆ ಯಾವ ಸೆಟ್ಟಿಂಗೂ ಕೂರಲ್ಲ. ಗಾಳಿ ಊದಿ, ಇಲ್ಲ ಸೀಮೆಎಣ್ಣೇಲಿ ನೆನೆಸಿ ಊದಿ. ಇನ್ನೊಂದು, ಸೀಸನ್‌ನ ಮೊದಲನೇ ದಿನ ಪೈಪ್ ತುಂಬ ಗಾಳಿನೇ ಇರುತ್ತೆ, ಗ್ಯಾಸ್ ಪೈಲಟ್ ತುದಿಗೆ ಬರೋಷ್ಟರಲ್ಲಿ ಐದು ಸೆಕೆಂಡ್ ಮುಗಿದಿರುತ್ತೆ. ಲೈನಿನ ಗಾಳೀನ ಹೊರಗೆ ಬಯಲಿಗೆ ಬಿಡಬೇಕು, ಚೇಂಬರ್ ಒಳಕ್ಕಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಆಗದಿದ್ರೆ ಟ್ರಾನ್ಸ್‌ಫಾರ್ಮರ್ ಬಗ್ಗೆ ಯೋಚ್ನೆ ಮಾಡಿ. ಅಷ್ಟರೊಳಗೇ ಸರಿ ಆಗುತ್ತೆ ಅನ್ಸುತ್ತೆ.

ಪ್ರಶ್ನೆ: ಸ್ಪಾರ್ಕ್ ಗ್ಯಾಪ್ ಜಾಸ್ತಿ ಮಾಡಿದ್ರೆ ಕಿಡಿ ದೊಡ್ಡದಾಗಿ ಬೇಗ ಹತ್ತಲ್ವಾ? (ಅರಸೀಕೆರೆ)

ಉತ್ತರ: ಇಲ್ಲ. 5 ಕಿಲೋವೋಲ್ಟ್‌ನ ಟ್ರಾನ್ಸ್‌ಫಾರ್ಮರ್‌ಗೆ 2ರಿಂದ 3 ಮಿ.ಮೀ. ಸಾಕು, ಕೈಪಿಡೀಲಿ ಬೇರೆ ಹೇಳಿದ್ರೆ ಅದೇ ಸರಿ. ಗ್ಯಾಪ್ ಹೆಚ್ಚಾದಷ್ಟೂ ಕರೆಂಟು ಬೇರೆ ಸುಲಭದ ದಾರಿ ಹುಡ್ಕುತ್ತೆ, ಕೇಬಲ್ಲೋ ಪಿಂಗಾಣಿಯೋ ಎಲ್ಲೋ ಒಂದು ಕಡೆ ಸಿಗೇ ಸಿಗುತ್ತೆ.

ಪ್ರಶ್ನೆ: ಹಾಸನ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ದು ಕಾಫಿ ರೋಸ್ಟಿಂಗ್ ಯೂನಿಟ್. ಪೈಲಟ್ ಚೆನ್ನಾಗೇ ಹತ್ತುತ್ತೆ, ಇಣುಕು ಗಾಜಿನಲ್ಲಿ ನೀಲಿ ಜ್ವಾಲೆ ಕಣ್ಣಾರೆ ಕಾಣುತ್ತೆ, ಆದ್ರೂ ಎರಡು ಮೂರು ಸೆಕೆಂಡಲ್ಲಿ ಲಾಕ್‌ಔಟ್. ವಿಚಿತ್ರ ಅಂದ್ರೆ ಲೈನ್ ಕರೆಂಟಲ್ಲಿ ಸರಿಯಾಗಿರುತ್ತೆ, ಜನರೇಟರ್ ಮೇಲೆ ಹಾಕಿದಾಗ ಮಾತ್ರ ಹೀಗೆ. ಕಂಟ್ರೋಲರ್ ಹೊಸದು ತರ್ಸೋಣ ಅಂತಿದೀವಿ.

ಉತ್ತರ: ತರ್ಸಬೇಡಿ, ದುಡ್ಡು ದಂಡ. ಕಾಯಿಲೆ ಏನು ಅಂತ ನೀವೇ ಬರ್ದಿದೀರಿ.

ನಿಮ್ಮ ಬರ್ನರ್ ಜ್ವಾಲೆ ಇದೆಯಾ ಅಂತ ನೋಡೋದು ಫ್ಲೇಮ್ ರಾಡ್‌ನಿಂದ, ಅಂದ್ರೆ ಬೆಂಕಿಯೊಳಗೆ ಚಾಚಿಕೊಂಡಿರೋ ಆ ತಂತಿ. ಬೆಂಕಿಯೊಳಗಿನ ಗಾಳಿ ಸ್ವಲ್ಪ ಕರೆಂಟ್ ಹರಿಯೋಕೆ ಬಿಡುತ್ತೆ, ಅದೂ ಒಂದೇ ದಿಕ್ಕಿಗೆ ಹೆಚ್ಚು, ಯಾಕಂದ್ರೆ ರಾಡು ಸಣ್ಣದು, ಎದುರಿಗಿರೋ ಬರ್ನರ್ ಬಾಡಿ ದೊಡ್ಡದು. ಕಂಟ್ರೋಲರ್ ಎಸಿ ಕಳ್ಸಿ, ವಾಪಸ್ ಬರೋದ್ರಲ್ಲಿ ಆ ಡಿಸಿ ಪಾಲು ಎಷ್ಟು ಅಂತ ನೋಡುತ್ತೆ. ಬರೀ ಮೈಕ್ರೋಆಂಪ್ ಲೆಕ್ಕ, ಒಂದು ಆಂಪಿಯರ್‌ನ ಹತ್ತು ಲಕ್ಷದಲ್ಲಿ ಕೆಲವೇ ಭಾಗ. ಆ ಕರೆಂಟು ವಾಪಸ್ ಬರೋ ದಾರಿ ಬರ್ನರ್ ಬಾಡಿಯ ಅರ್ಥ್, ಅಲ್ಲಿಂದ ಸಪ್ಲೈ ನ್ಯೂಟ್ರಲ್. ಲೈನ್ ಸಪ್ಲೈಯಲ್ಲಿ ನ್ಯೂಟ್ರಲ್ ಅರ್ಥ್‌ಗೆ ಕಟ್ಟಿರುತ್ತೆ, ದಾರಿ ಪೂರ್ತಿ ಇದೆ. ನಿಮ್ಮ ಜನರೇಟರ್‌ನ ನ್ಯೂಟ್ರಲ್ ಅರ್ಥ್ ಮಾಡಿರಲ್ಲ, ಗಾಳೀಲಿ ತೇಲ್ತಿರುತ್ತೆ, ಅಥವಾ ಚೇಂಜ್‌ಓವರ್ ಸ್ವಿಚ್‌ನಲ್ಲಿ ಫೇಸು ನ್ಯೂಟ್ರಲ್ಲು ಅದಲು ಬದಲಾಗಿರುತ್ತೆ. ಎರಡರಲ್ಲೂ ಕಂಟ್ರೋಲರ್‌ಗೆ ಬೆಂಕಿ ಕಾಣಲ್ಲ, ನಿಮ್ಗೆ ಎಷ್ಟೇ ಚೆನ್ನಾಗಿ ಕಂಡ್ರೂ ಅಷ್ಟೇ. ಜನರೇಟರ್ ಓಡ್ತಿದ್ದಾಗ ಬರ್ನರ್ ಪ್ಯಾನಲ್‌ನಲ್ಲಿ ಫೇಸಿಂದ ಅರ್ಥ್‌ಗೆ, ನ್ಯೂಟ್ರಲ್‌ನಿಂದ ಅರ್ಥ್‌ಗೆ ಎಷ್ಟು ವೋಲ್ಟ್ ಅಂತ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಹತ್ರ ಅಳೆಸಿ. ನ್ಯೂಟ್ರಲ್-ಅರ್ಥ್ ಸೊನ್ನೆ ಹತ್ರ ಇರಬೇಕು, 110ರ ಆಸುಪಾಸು ಬಂದ್ರೆ ನ್ಯೂಟ್ರಲ್ ತೇಲ್ತಿದೆ, 230 ಬಂದ್ರೆ ಅದಲು ಬದಲು.

ಜನರೇಟರ್ ಇಲ್ಲದೋರಿಗೂ ಇದೇ ಥರ ಲಾಕ್‌ಔಟ್ ಆಗ್ತಿದೆ ಅಂತ ಇನ್ನೂ ಕೆಲವರು ಬರ್ದಿದಾರೆ. ಅವರಿಗೆ: ಫ್ಲೇಮ್ ರಾಡ್ ವೈರ್‌ಗೆ ಸೀರೀಸ್‌ನಲ್ಲಿ ಮೈಕ್ರೋಆಂಪ್ ಮೀಟರ್ ಹಾಕಿ ನೋಡಿ, ಅಂದಾಜಿನ ಕೆಲ್ಸ ಬೇಡ. ಒಳ್ಳೆ ಪೈಲಟ್‌ಗೆ ಸಾಮಾನ್ಯವಾಗಿ 3ರಿಂದ 10ರವರೆಗೆ ಬರುತ್ತೆ, ಮುಳ್ಳು ಅಲುಗಾಡಬಾರದು. ತುಂಬ ಕಂಟ್ರೋಲರ್‌ಗಳು 1ರ ಆಸುಪಾಸಲ್ಲಿ ಕೈಬಿಡ್ತವೆ, ನಿಮ್ದು ಎಷ್ಟಕ್ಕೆ ಅಂತ ಅದರ ಕಾಗದದಲ್ಲೇ ಇರುತ್ತೆ. ಕಮ್ಮಿ ಇದ್ರೆ ರಾಡ್ ಮೇಲಿನ ಬಿಳಿ ಪದರ ಸಣ್ಣ ಎಮರಿ ಹಾಳೇಲಿ ಉಜ್ಜಿ. ರಾಡ್ ಬಾಗಿ ಬರ್ನರ್‌ಗೆ ತಾಗಿದೆಯಾ ನೋಡಿ, ಜ್ವಾಲೆ ರಾಡನ್ನೂ ಬರ್ನರ್ ಬಾಯನ್ನೂ ಎರಡನ್ನೂ ಮುಟ್ಟಬೇಕು, ಬರ್ನರ್ ಬಾಯಿಂದ ಎದ್ದು ದೂರ ನಿಂತ ಜ್ವಾಲೆಯಿಂದ ಕರೆಂಟು ವಾಪಸ್ ಬರೋ ದಾರಿ ಇರಲ್ಲ.

ಪ್ರಶ್ನೆ: ಚಿಕ್ಕಮಗಳೂರಲ್ಲಿ ಹೊಸ ರೋಸ್ಟರ್ ಹಾಕಿದೀವಿ. ಬರ್ನರ್‌ನ ಚೆನ್ನೈನಲ್ಲಿ ಟೆಸ್ಟ್ ಮಾಡಿ ಸೆಟ್ ಮಾಡಿ ಕಳ್ಸಿದ್ರು, ಅಲ್ಲಿ ವಿಡಿಯೋದಲ್ಲಿ ನೀಲಿ ಇತ್ತು. ಇಲ್ಲಿ ಪೈಲಟ್ ತುದಿ ಹಳದಿ, ಮೇನ್ ಜ್ವಾಲೆನೂ ಸೋಮಾರಿ ಥರ. ಮೋಸ ಮಾಡಿದ್ರಾ?

ಉತ್ತರ: ಮೋಸ ಏನಿಲ್ಲ ಬಿಡಿ, ಊರಿನ ಎತ್ತರ. ಚಿಕ್ಕಮಗಳೂರು ಸಮುದ್ರಮಟ್ಟದಿಂದ 1,000 ಮೀಟರಿಗಿಂತ ಸ್ವಲ್ಪ ಮೇಲೆ, ಗಾಳಿಯ ಒತ್ತಡ ಅಲ್ಲಿಗಿಂತ ಸುಮಾರು ಶೇಕಡಾ 11-12 ಕಮ್ಮಿ. ಬ್ಲೋವರ್ ತಳ್ಳೋದು ಗಾತ್ರದ ಲೆಕ್ಕದಲ್ಲಿ, ಅಲ್ಲಿ ಎಷ್ಟು ತಳ್ತಿತ್ತೋ ಇಲ್ಲೂ ಅಷ್ಟೇ ತಳ್ಳುತ್ತೆ, ಆದ್ರೆ ಅದೇ ಗಾತ್ರದಲ್ಲಿ ಆಮ್ಲಜನಕ ಅಷ್ಟರ ಮಟ್ಟಿಗೆ ಕಮ್ಮಿ. ಗ್ಯಾಸೂ ತೆಳು ಆಗುತ್ತೆ ನಿಜ, ಆದ್ರೆ ಜೆಟ್‌ನಿಂದ ಹೊರಡೋ ಗ್ಯಾಸಿನ ತೂಕ ಸಾಂದ್ರತೆಯ ವರ್ಗಮೂಲದ ಪ್ರಕಾರ ಇಳಿಯೋದ್ರಿಂದ ಅದು ಇಳಿಯೋದು ಶೇಕಡಾ 6ರಷ್ಟು ಮಾತ್ರ. ಗಾಳಿ 11-12 ಇಳೀತು, ಗ್ಯಾಸು 6 ಇಳೀತು, ಉಳಿದಿದ್ದೇ ಆ ಹಳದಿ. ಹಾಸನದಲ್ಲೂ ಹೆಚ್ಚುಕಮ್ಮಿ ಇದೇ ಕತೆ, ಒಂಚೂರು ಕಮ್ಮಿ.

ಮೊದ್ಲು ಪೈಲಟ್ ಗಾಳಿ ಸ್ಕ್ರೂ ಸ್ವಲ್ಪ ಸ್ವಲ್ಪ ತೆರೀರಿ. ಹಳದಿ ಹೋಗಿ, ಒಳಗೆ ಚೂಪಾದ ನೀಲಿ ಕೋನ್ ಬಂದು, ಜ್ವಾಲೆ ಬಾಯಿಗೆ ಅಂಟಿಕೊಂಡಿದ್ರೆ ಅಲ್ಲಿಗೆ ನಿಲ್ಲಿಸಿ. ಇನ್ನೂ ತೆರೆದ್ರೆ ಬುಸ್ಸ್ ಅಂತ ಸದ್ದು ಮಾಡ್ತಾ ಬಾಯಿಂದ ಎದ್ದುಬಿಡುತ್ತೆ. ಮೇನ್ ಬರ್ನರ್‌ನ ಮಾತ್ರ ಕಣ್ಣಳತೇಲಿ ಸೆಟ್ ಮಾಡಬೇಡಿ, ಫ್ಲೂ ಗ್ಯಾಸ್ ಅನಲೈಸರ್ (ಹೊಗೆಯಲ್ಲಿ ಏನೇನಿದೆ ಅಂತ ಅಳೆಯೋ ಮೀಟರ್) ಇರೋರನ್ನ ಕರ್ಸಿ ಆಮ್ಲಜನಕ, ಕಾರ್ಬನ್ ಮಾನಾಕ್ಸೈಡ್ ಎರಡೂ ನೋಡಿ. ಅಂದಹಾಗೆ, ಬ್ಲೋವರ್ ಇಲ್ಲದೆ ಗ್ಯಾಸ್ ರಭಸಕ್ಕೇ ಗಾಳಿ ಎಳ್ಕೊಳ್ಳೋ ಪೈಲಟ್‌ಗಳಿಗೆ ಈ ತೊಂದ್ರೆ ಅಷ್ಟಿಲ್ಲ, ಅಲ್ಲಿ ಗ್ಯಾಸೂ ಗಾಳಿಯೂ ಜೊತೆಜೊತೇಲೇ ತೆಳುವಾಗ್ತವೆ. ನಿಮ್ಮ ಪೈಲಟ್ ಆ ಥರದ್ದಾಗಿದ್ದೂ ಹಳದಿ ಇದ್ರೆ ರೋಸ್ಟರ್‌ನ ಸಿಪ್ಪೆ ಅದರ ಗಾಳಿ ಕಿಂಡಿಗೆ ಮೆತ್ತಿದೆಯಾ ನೋಡಿ. ಹುರಿಯುವಾಗ ಹಾರೋ ಆ ಬೆಳ್ಳಿ ಸಿಪ್ಪೆ ಎಲ್ಲಿಗೆ ಬೇಕಾದ್ರೂ ನುಗ್ಗುತ್ತೆ.

ಪ್ರಶ್ನೆ: ಬೆಳಿಗ್ಗೆ ಪೈಲಟ್ ಗಟ್ಟಿಯಾಗಿ ಉರೀತಿರುತ್ತೆ, ಮೇನ್ ವಾಲ್ವ್ ತೆರೆದ ತಕ್ಷಣ ಪೈಲಟ್ಟೂ ಸಪ್ಪಗಾಗಿ ಎರಡೂ ಆರಿಹೋಗುತ್ತೆ. ಮಧ್ಯಾಹ್ನ ಆದ್ರೆ ಸರಿ ಹೋಗುತ್ತೆ. (ಕೊಪ್ಪ)

ಉತ್ತರ: ಸಿಲಿಂಡರ್ ಮೈ ಮುಟ್ಟಿ ನೋಡಿ, ತಣ್ಣಗೆ ಬೆವರಿರುತ್ತೆ, ಮಂಜು ಕಟ್ಟಿದ್ರೂ ಕಟ್ಟಿರುತ್ತೆ. ದ್ರವ ಗ್ಯಾಸ್ ಆಗೋಕೆ ಶಾಖ ಬೇಕು, ಡಿಸೆಂಬರ್ ಬೆಳಿಗ್ಗೆ ಕೊಪ್ಪದ ಚಳೀಲಿ ಅದಕ್ಕೆ ಶಾಖ ಎಲ್ಲಿಂದ ಬರ್ಬೇಕು. ಮೇನ್ ಬರ್ನರ್ ಎಳೆದಷ್ಟು ಆವಿ ಆಗದೆ ಒತ್ತಡ ಬೀಳುತ್ತೆ, ಪೈಲಟ್ ಅದೇ ಲೈನಲ್ಲಿ ಇರೋದ್ರಿಂದ ಅದೂ ಸಾಯುತ್ತೆ. ಮ್ಯಾನಿಫೋಲ್ಡ್‌ಗೆ (ಸಿಲಿಂಡರ್‌ಗಳೆಲ್ಲ ಸೇರೋ ಪೈಪ್) ಸಿಲಿಂಡರ್ ಹೆಚ್ಚು ಮಾಡಿ, ಇಲ್ಲ ದ್ರವಾನ ಬಿಸಿ ಮಾಡಿ ಆವಿ ಮಾಡೋ ವೇಪರೈಸರ್ ಹಾಕ್ಸಿ, ಎರಡೂ ನಿಮ್ಮ ಗ್ಯಾಸ್ ಸಪ್ಲೈಯರ್ ಕೈಯಲ್ಲೇ ಮಾಡಿಸೋ ಕೆಲ್ಸ. ಪೈಲಟ್ ಲೈನ್‌ನ ಮೇನ್ ರೆಗ್ಯುಲೇಟರ್‌ಗಿಂತ ಮುಂಚೆನೇ ಕವಲು ತೆಗೆದು ಅದಕ್ಕೆ ಪ್ರತ್ಯೇಕ ಸಣ್ಣ ರೆಗ್ಯುಲೇಟರ್ ಕೊಡಬೇಕು. ಸಿಲಿಂಡರ್‌ನ ಅಡ್ಡ ಮಲಗಿಸೋದು, ಬೆಂಕಿ ಹತ್ರ ಇಟ್ಟು ಬಿಸಿ ಮಾಡೋದು ಎಲ್ಲ ಕೆಲವು ಕಡೆ ನಡೀತಿದೆ ಅಂತ ಕೇಳಿದೀನಿ. ಮಲಗಿಸಿದ್ರೆ ಲೈನಿಗೆ ದ್ರವನೇ ಬರುತ್ತೆ, ಅದು ಬರ್ನರ್ ಹತ್ರ ಇನ್ನೂರೈವತ್ತು ಪಟ್ಟು ಹಿಗ್ಗಿದಾಗ ಏನಾಗುತ್ತೆ ಅಂತ ನಾನು ಬೇರೆ ಹೇಳ್ಬೇಕಾ.

ಪ್ರಶ್ನೆ: ನಾನು ಐಟಿಐ ಮುಗ್ಸಿ ಹಾಸನದ ಒಂದು ಫ್ಯಾಕ್ಟರೀಲಿ ಟ್ರೈನಿ. ಹೊಸ ಬಾಯ್ಲರ್ ಬರ್ನರ್ ಕಮಿಷನಿಂಗ್‌ಗೆ (ಮೊದಲ ಸಲ ಪರೀಕ್ಷಿಸಿ ಚಾಲೂ ಮಾಡೋಕೆ) ಇಂಜಿನಿಯರ್ ಬರ್ತಿದಾರೆ, ಜೊತೆಗೆ ನಿಂತು ನೋಡು ಅಂದಿದಾರೆ. ಪೈಲಟ್ ವಿಷಯದಲ್ಲಿ ಏನೇನು ನೋಡ್ಬೇಕು ಅಣ್ಣಾ?

ಉತ್ತರ: ಒಳ್ಳೆ ಅವಕಾಶ ತಮ್ಮಾ, ಬಿಡಬೇಡ, ಒಂದು ನೋಟ್‌ಬುಕ್ಕು ಇಟ್ಕೋ. ಬಂದ ತಕ್ಷಣ ಬೆಂಕಿ ಹಚ್ಚೋ ಇಂಜಿನಿಯರ್‌ನ ನಾನಂತೂ ನಂಬಲ್ಲ. ಮೊದಲು ಸೋಪು ನೀರಲ್ಲಿ ಪ್ರತಿ ಜಾಯಿಂಟ್ ಲೀಕ್ ನೋಡ್ತಾರೆ. ಆಮೇಲೆ ಗ್ಯಾಸ್ ಕಾಕ್ ಬಂದ್ ಇಟ್ಟೇ ಬರ್ನರ್ ಆನ್ ಮಾಡ್ತಾರೆ, ಇದನ್ನ ಗಮನ ಇಟ್ಟು ನೋಡು: ಬ್ಲೋವರ್ ಓಡುತ್ತೆ, ಪರ್ಜ್ ಆಗುತ್ತೆ, ಸ್ಪಾರ್ಕ್ ಬರುತ್ತೆ, ಪೈಲಟ್ ವಾಲ್ವ್ ಟಕ್ ಅನ್ನುತ್ತೆ, ಗ್ಯಾಸ್ ಇಲ್ವಲ್ಲ, ಹಂಗಾಗಿ ಬೆಂಕಿ ಇಲ್ಲ, ಸೇಫ್ಟಿ ಟೈಮ್ (ಬೆಂಕಿಗಾಗಿ ಕಾಯೋ ಸಮಯ) ಮುಗಿದ ಕೂಡಲೇ ಲಾಕ್‌ಔಟ್ ಆಗ್ಲೇಬೇಕು. ಯುರೋಪಿನ ಕಂಟ್ರೋಲರ್‌ಗಳಲ್ಲಿ ಈ ಸಮಯ ಸಾಮಾನ್ಯವಾಗಿ 3 ಅಥವಾ 5 ಸೆಕೆಂಡ್, ಎನ್‌ಎಫ್‌ಪಿಎ 86 ಹೆಚ್ಚೆಂದ್ರೆ 15 ಸೆಕೆಂಡ್ ಕೊಡುತ್ತೆ. ಸ್ಟಾಪ್‌ವಾಚ್ ಹಿಡಿದು ಅಳೆದು ಬರ್ಕೋ.

ನಂತರ ಮೇನ್ ಗ್ಯಾಸ್ ಬಂದ್, ಪೈಲಟ್ ಗ್ಯಾಸ್ ಮಾತ್ರ ಓಪನ್. ಮ್ಯಾನೋಮೀಟರ್‌ನ ಪೈಲಟ್ ಲೈನ್‌ಗೆ ಹಾಕಿ ಉರಿಯೋವಾಗ ಎಷ್ಟು ಒತ್ತಡ ಅಂತ ನೋಡ್ಬೇಕು, ಬಂದ್ ಇದ್ದಾಗಿನ ಒತ್ತಡ ನೋಡಿ ಸಮಾಧಾನ ಪಡೋದಲ್ಲ. ಫ್ಲೇಮ್ ಕರೆಂಟ್ ಬರ್ಕೋ.

ಈಗ ಬರೋದು ಪೈಲಟ್ ಟರ್ನ್‌ಡೌನ್ ಟೆಸ್ಟ್. ಇದನ್ನ ಅವಸರದಲ್ಲಿ ಬಿಟ್ಟುಬಿಡೋರೇ ಹೆಚ್ಚು, ಬಿಟ್ರೆ ನೀನೇ ಕೇಳು. ಪೈಲಟ್ ಗ್ಯಾಸ್‌ನ ನಿಧಾನಕ್ಕೆ ಇಳಿಸ್ತಾ ಹೋಗಿ, ಕಂಟ್ರೋಲರ್ ಬೆಂಕಿ ಹೋಯ್ತು ಅನ್ನೋವರೆಗೂ ಇಳಿಸಿ, ಆಮೇಲೆ ಬೆಂಕಿ ಇದೆ ಅಂತ ಒಪ್ಪೋಷ್ಟೇ ಮೇಲೆ ತರ್ತಾರೆ. ಅಂದ್ರೆ ಸೆನ್ಸರ್ ಒಪ್ಪೋ ಅತೀ ಬಡಪಾಯಿ ಪೈಲಟ್ ಅದು. ಆ ಬಡಪಾಯಿ ಪೈಲಟ್‌ನಿಂದ ಮೇನ್ ಬರ್ನರ್ ಸದ್ದಿಲ್ಲದೆ, ಕೂಡಲೇ ಹತ್ತಬೇಕು, ಒಂದು ಸಲ ಅಲ್ಲ, ಮತ್ತೆ ಮತ್ತೆ. ಹತ್ತಲಿಲ್ಲ, ತಡ ಆಯ್ತು, ಧಡ್ ಅಂತು ಅಂದ್ರೆ ತುಂಬ ಜನ ಪೈಲಟ್ ಒತ್ತಡ ಏರಿಸಿ ಮುಗಿಸ್ತಾರೆ. ತಪ್ಪು ಅಲ್ಲೇ ಇರೋದು. ಇವತ್ತು ಏರಿಸಿದ ಪೈಲಟ್ ನಾಳೆ ಜೆಟ್ ಅರ್ಧ ಕಟ್ಟಿದಾಗ ಮತ್ತೆ ಬಡಪಾಯಿನೇ, ಸೆನ್ಸರ್ ಅದನ್ನ ಸರಿ ಅನ್ನುತ್ತೆ, ಮೇನ್ ವಾಲ್ವ್ ತೆರೆಯುತ್ತೆ, ಬೆಂಕಿ ಮಾತ್ರ ಹತ್ತಲ್ಲ. ಸರಿಪಡಿಸಬೇಕಾಗಿರೋದು ಸೆನ್ಸರ್‌ನ ಜಾಗ. ಮೇನ್ ಗ್ಯಾಸ್‌ನ ಮುಟ್ಟೋಕಾಗದಷ್ಟು ಸಣ್ಣ ಪೈಲಟ್ ಅದರ ಕಣ್ಣಿಗೇ ಬೀಳದ ಹಾಗೆ ಸರಿಸ್ಬೇಕು, ಆಮೇಲೆ ಟೆಸ್ಟು ಮೊದಲಿಂದ.

ನಿಮ್ದು ಬೆಂಕಿಯ ಅಲ್ಟ್ರಾವಯಲೆಟ್ ಬೆಳಕು ನೋಡೋ ಯುವಿ ಸೆನ್ಸರ್ ಆಗಿದ್ರೆ ಇನ್ನೊಂದು ಕೇಳು, ಅದು ಸ್ಪಾರ್ಕ್‌ನ್ನೇ ಬೆಂಕಿ ಅಂದ್ಕೊಳ್ತಿದೆಯಾ ಅಂತ. ಸ್ಪಾರ್ಕಲ್ಲೂ ಅಲ್ಟ್ರಾವಯಲೆಟ್ ಇರುತ್ತೆ. ಗ್ಯಾಸ್ ಬಂದ್ ಇಟ್ಟು ಬರೀ ಸ್ಪಾರ್ಕ್ ಕೊಟ್ಟಾಗ ಫ್ಲೇಮ್ ಲೈಟ್ ಹತ್ತಿದ್ರೆ ಸೆನ್ಸರ್‌ನ ಮೂತಿ ತಿರುಗಿಸ್ಬೇಕು. ಕೊನೇದಾಗಿ, ಮೇನ್ ಉರೀತಿರೋವಾಗ ಗ್ಯಾಸ್ ಕಾಕ್ ಬಂದ್ ಮಾಡಿ, ಬೆಂಕಿ ಹೋದ ಮೇಲೆ ಎಷ್ಟು ಸೆಕೆಂಡಲ್ಲಿ ವಾಲ್ವ್ ಮುಚ್ಚಿತು ಅಂತ ಅಳೀತಾರೆ, 4 ಸೆಕೆಂಡ್ ಮೀರಬಾರದು. ಆ ಅಂಕಿಗಳೆಲ್ಲ ಇರೋ ಶೀಟ್‌ನ ಒಂದು ಜೆರಾಕ್ಸ್ ಇಸ್ಕೋ. ಮುಂದಿನ ವರ್ಷ ಬರ್ನರ್ ಸತಾಯಿಸಿದಾಗ ಎಲ್ಲರೂ ಅದನ್ನೇ ಹುಡುಕ್ತಾರೆ.

ಪ್ರಶ್ನೆ: ಪದೇ ಪದೇ ಹತ್ತಿಸೋ ತಲೆನೋವೇ ಬೇಡ ಅಂತ ಪೈಲಟ್‌ನ ಯಾವಾಗ್ಲೂ ಉರಿಯೋಕೆ ಬಿಟ್ರೆ? (ಬೇಲೂರು)

ಉತ್ತರ: ಪೈಲಟ್ ಜೊತೇಲೇ ಉರೀತಿದ್ರೆ ಒಂದೇ ಸೆನ್ಸರ್ ಅದನ್ನೇ ನೋಡ್ತಾ ಖುಷಿಯಾಗಿರುತ್ತೆ, ಮೇನ್ ಜ್ವಾಲೆ ಆರಿದ್ರೂ ಅದಕ್ಕೆ ಗೊತ್ತಾಗಲ್ಲ, ಗ್ಯಾಸ್ ಸುರೀತಾ ಇರುತ್ತೆ. ಅದಕ್ಕೇ ಮೇನ್ ಹತ್ತಿದ ಮೇಲೆ ಪೈಲಟ್ ತಾನೇ ಆರೋ ಥರದ ಸೀಕ್ವೆನ್ಸ್ ನಂಗಿಷ್ಟ, ಆಗ ಸೆನ್ಸರ್ ನೋಡೋದು ಮೇನ್ ಬೆಂಕೀನೇ. ಯಾವಾಗ್ಲೂ ಉರಿಯೋ ಪೈಲಟ್ ಬೇಕೇ ಬೇಕು ಅಂದ್ರೆ ಎರಡಕ್ಕೂ ಬೇರೆ ಬೇರೆ ಸೆನ್ಸರ್ ಹಾಕ್ಸಿ.

ಪ್ರಶ್ನೆ: ಇಗ್ನೈಟರ್ ಕೆಟ್ಟ ದಿನ ನಮ್ಮ ಹಳೇ ಆಪರೇಟರ್ ಕೋಲಿಗೆ ಬಟ್ಟೆ ಸುತ್ತಿ ದೊಂದಿ ಮಾಡಿ ಹಚ್ತಾರೆ. ವರ್ಷಗಟ್ಟಲೆ ಏನೂ ಆಗಿಲ್ಲ. (ಸಕಲೇಶಪುರ)

ಉತ್ತರ: ಅವರಿಗೆ ನನ್ನ ನಮಸ್ಕಾರ ಹೇಳಿ, ದೊಂದಿ ಇಸ್ಕೊಳ್ಳಿ. ಅವರು ಹಚ್ಚಬೇಕಾದ್ರೆ ಯಾರೋ ಒಬ್ರು ಸೇಫ್ಟಿ ವಾಲ್ವ್‌ನ ಕೈಯಲ್ಲೋ ವೈರ್ ಹಾಕಿಯೋ ತೆರೆದು ಹಿಡಿದಿರ್ತಾರೆ, ಪರ್ಜೂ ಇಲ್ಲ ಫ್ಲೇಮ್ ನೋಡೋರೂ ಇಲ್ಲ. ಪ್ಯಾನಲ್ ತೆಗೆದು ಆ ಬೈಪಾಸ್ ವೈರ್ ಇನ್ನೂ ಅಲ್ಲೇ ಇದೆಯಾ ಅಂತ ಇವತ್ತೇ ನೋಡಿ. ಒಂದು ಎಲೆಕ್ಟ್ರೋಡು, ಒಂದು ಎಚ್‌ಟಿ ಕೇಬಲ್ಲು ಸ್ಟೋರಲ್ಲಿ ಸ್ಪೇರ್ ಇಟ್ಟಿದ್ರೆ ದೊಂದಿ ಬೇಕಾಗಲ್ಲ.

ಪ್ರಶ್ನೆ: ಮುಂದೆ ಪೈಪ್ ಗ್ಯಾಸ್ ಬಂದ್ರೆ ಈಗಿನ ಎಲ್‌ಪಿಜಿ ಪೈಲಟ್ಟೇ ನಡೆಯುತ್ತಾ? (ಹಾಸನ)

ಉತ್ತರ: ಬಾಡಿ ನಡೀಬಹುದು, ಜೆಟ್ ನಡೆಯಲ್ಲ. ಪ್ರೊಪೇನ್ ಒಂದು ಪಾಲಿಗೆ ಸುಮಾರು 24 ಪಾಲು ಗಾಳಿ ಬೇಕು, ಪೈಪಲ್ಲಿ ಬರೋ ನ್ಯಾಚುರಲ್ ಗ್ಯಾಸ್‌ಗೆ 10 ಪಾಲು ಸಾಕು, ಆದ್ರೆ ಅಷ್ಟೇ ಶಾಖಕ್ಕೆ ಗ್ಯಾಸಿನ ಗಾತ್ರ ಎರಡೂವರೆ ಪಟ್ಟು ಹತ್ರ ಬೇಕಾಗುತ್ತೆ. ಅದಕ್ಕೆ ಜೆಟ್ ತೂತು ದೊಡ್ಡದು, ಒತ್ತಡ ಬೇರೆ, ಗಾಳಿ ಸೆಟ್ಟಿಂಗ್ ಬೇರೆ. ಆ ಗ್ಯಾಸ್ ಗಾಳಿಗಿಂತ ಹಗುರ, ಸೂರಿನ ಕಡೆ ಏರುತ್ತೆ, ನೆಲದ ಹತ್ರ ಹಾಕಿರೋ ನಿಮ್ಮ ಗ್ಯಾಸ್ ಡಿಟೆಕ್ಟರ್‌ನ ಮೇಲಕ್ಕೆ ಸರಿಸ್ಬೇಕಾಗುತ್ತೆ. ಬದಲಾಯಿಸಿದ ಮೇಲೆ, ಆಗಲೇ ಆ ಟ್ರೈನಿ ಹುಡುಗನಿಗೆ ಹೇಳಿದ ಟರ್ನ್‌ಡೌನ್ ಟೆಸ್ಟ್‌ನ ಹೊಸ ಗ್ಯಾಸಲ್ಲಿ ಮತ್ತೆ ಮಾಡಿಸಿ, ಹಳೇ ಶೀಟ್ ತೋರ್ಸಿದ್ರೆ ಒಪ್ಪಬೇಡಿ.